ಕುಳಿತಲ್ಲೇ ಕಡಲಯಾನ

ಬೇಸಿಗೆಯ ರಜೆ ಬಂತೆಂದರೆ ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ಊರಿಗೆ ಹೊರಡುವ ಸಡಗರ. ಆ ಸಡಗರದ ಗಂಟುಮೂಟೆಯಲ್ಲಿ ನಿಂಬೆಹಣ್ಣು, ಶುಂಠಿ, ಒಂದೆರಡು ಪ್ಲಾಸ್ಟಿಕ್ ಚೀಲ ಇವು ಇರಲೇಬೇಕು. ಘಟ್ಟದ ತಿರುವುಗಳು ಆರಂಭವಾದೊಡನೆ ಬಸ್ಸಿನಲ್ಲಿ ಯಾರಾದರೊಬ್ಬರು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿರುತ್ತಾರೆ. ನಮ್ಮ ಹಿರಿಯರು ಮಂಗಳೂರಿನಿಂದ ಆಗಬೋಟು ಹತ್ತಿ ಈ ಊರಿಗೆ ಬರುತ್ತಿದ್ದ ಕಾಲದಲ್ಲಿ ಇದೇ ಸಂಕಟವನ್ನು ಕಡಲು ಕೊಡುತ್ತಿತ್ತು. ಈಗಿನ ಮೊಮ್ಮಕ್ಕಳಿಗೆ ಬಸ್ಸೂ ಬೇಡ, ಹಡಗೂ ಬೇಡ. ಮಾಲುಗಳಲ್ಲಿ ಪೆಟ್ಟಿಗೆಯಂಥ ಕನ್ನಡಕವೊಂದನ್ನು ಕಣ್ಣಿಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತರೆ ಸಾಕು, ಐದೇ ನಿಮಿಷದಲ್ಲಿ ಕೆಲವರ ಮುಖ ಬಿಳುಚಿಕೊಳ್ಳುತ್ತದೆ, ಹಣೆಯಲ್ಲಿ ತಣ್ಣನೆಯ ಬೆವರು, ಹೊಟ್ಟೆಯಲ್ಲಿ ತೊಳಸು.

ಅಲುಗಾಡದೆ ಕುಳಿತವನಿಗೆ ಪ್ರಯಾಣದ ಓಕರಿಕೆ ಏಕೆ ಬರಬೇಕು? ನಮ್ಮಲ್ಲಿ ಇದನ್ನು ಪಿತ್ತವೆಂದೂ, ಹೊಟ್ಟೆಯ ದೋಷವೆಂದೂ, ಇನ್ನು ಕೆಲವೊಮ್ಮೆ ಧೈರ್ಯ ಸಾಲದವರ ನಾಜೂಕೆಂದೂ ಹೇಳುವ ರೂಢಿ. ಇದು ಹೊಟ್ಟೆಯಲ್ಲಿ ಹುಟ್ಟುವುದೂ ಅಲ್ಲ, ಅಳ್ಳೆದೆಯ ಲಕ್ಷಣವೂ ಅಲ್ಲ ಎಂದು ತಿಳಿಯಲು ವಿಜ್ಞಾನಿಗಳಿಗೆ ಇನ್ನೂರು ವರ್ಷಗಳೇ ಹಿಡಿದವು. ಆ ತಿಳಿವಳಿಕೆಗೆ ಬಹಳ ಮುಖ್ಯವಾದ ಸಾಕ್ಷ್ಯವನ್ನು ಒದಗಿಸಿದವರು, ಲೋಕವು ಅಂಗವಿಕಲರೆಂದು ಬದಿಗಿಟ್ಟಿದ್ದ ಕಿವಿ ಕೇಳದ ಜನ. ಆ ಕಥೆಯನ್ನು ನಮಗೆ ತಿಳಿದಮಟ್ಟಿಗೆ ಓದುಗರ ಮುಂದಿಡುತ್ತಿದ್ದೇವೆ.

ನೌಕೆಯ ನಂಟು

ಓಕರಿಕೆಗೆ ಇಂಗ್ಲಿಷಿನಲ್ಲಿ ‘ನಾಸಿಯ’ ಎನ್ನುತ್ತಾರಷ್ಟೆ. ಅದರ ಮೂಲ ಹಡಗು ಎಂಬರ್ಥದ ಗ್ರೀಕ್ ಪದ ‘ನೌಸ್’. ಸಂಸ್ಕೃತದ ‘ನೌ’, ನಾವು ದಿನವೂ ಬಳಸುವ ‘ನೌಕೆ’ ಇವೆಲ್ಲ ಅದೇ ಬಳಗದವು. ಅಂದರೆ ಹಡಗಿಗೂ ಹೊಟ್ಟೆ ತೊಳಸುವಿಕೆಗೂ ಇರುವ ನಂಟು ಭಾಷೆಯಲ್ಲೇ ಬೆಸೆದುಕೊಂಡಿದೆ.

ಈ ಕಾಟ ವೀರರನ್ನೂ ಬಿಡಲಿಲ್ಲ. ಇಂಗ್ಲೆಂಡಿನ ನೌಕಾಸೇನಾನಿ ನೆಲ್ಸನ್ ಬಾಲ್ಯದಿಂದಲೂ ಹಡಗಿನಲ್ಲಿ ಬೆಳೆದವನಾದರೂ ಜೋರು ಗಾಳಿ ಬೀಸಿದಾಗಲೆಲ್ಲ ನರಳುತ್ತಿದ್ದ. 1831ರ ಡಿಸೆಂಬರಿನಲ್ಲಿ ‘ಬೀಗಲ್’ ಹಡಗನ್ನೇರಿದ ಚಾರ್ಲ್ಸ್ ಡಾರ್ವಿನ್ 1836ರಲ್ಲಿ ಮರಳಿ ನೆಲ ಮುಟ್ಟುವವರೆಗೂ ಈ ಬಾಧೆಯಿಂದ ಪಾರಾಗಲಿಲ್ಲ. ಇಂಥವರನ್ನು ಅಧೈರ್ಯಸ್ಥರೆಂದು ಯಾರು ಹೇಳಿಯಾರು?

ಪಾರಿವಾಳ, ರೈಲುಗಾಡಿ ಮತ್ತು ಒಳಕಿವಿ

ನಾವು ಬಿ.ಎಸ್ಸಿ. ಓದುವಾಗ ಒಳಕಿವಿಯ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಂಕ ಗಿಟ್ಟಿಸಿದ್ದುಂಟು. ಬಸವನಹುಳುವಿನ ಚಿಪ್ಪಿನಂಥ ಭಾಗ ಕೇಳುವುದಕ್ಕೆ. ಅದಕ್ಕೆ ಅಂಟಿಕೊಂಡ ಮೂರು ಅರ್ಧವೃತ್ತಾಕಾರದ ನಾಳಗಳು ಸಮತೋಲಕ್ಕೆ. ಈ ಒಂದು ವಾಕ್ಯವನ್ನು ಪಠ್ಯಪುಸ್ತಕದಲ್ಲಿ ಬರೆಯಲು ಎಷ್ಟು ಜನ ದುಡಿಯಬೇಕಾಯಿತೆಂಬುದನ್ನು ಮಾತ್ರ ಅಂದು ಯಾರೂ ಹೇಳಿಕೊಡಲಿಲ್ಲ.

1820ರ ದಶಕದಲ್ಲಿ ಫ್ರಾನ್ಸಿನ ಪಿಯೆರ್ ಫ್ಲೂರೆನ್ಸ್ ಪಾರಿವಾಳಗಳ ಒಳಕಿವಿಯ ನಾಳಗಳನ್ನು ಕತ್ತರಿಸಿ ನೋಡಿದ. ಹಕ್ಕಿಗಳಿಗೆ ಕಿವಿ ಕೇಳುತ್ತಲೇ ಇತ್ತು. ಆದರೆ ಯಾವ ನಾಳವನ್ನು ಕತ್ತರಿಸಿದ್ದನೋ ಆ ನಾಳದ ದಿಕ್ಕಿನಲ್ಲೇ ತಲೆ ತೂಗಾಡತೊಡಗಿತು. ಕಿವಿಯಲ್ಲಿ ಕೇಳುವುದಕ್ಕೆ ಸಂಬಂಧಿಸದ ಅಂಗವೊಂದು ಇದೆ ಎಂಬ ಸುಳಿವು ಅಲ್ಲಿ ಸಿಕ್ಕಿತು. 1861ರಲ್ಲಿ ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ವೈದ್ಯ ಪ್ರಾಸ್ಪೆರ್ ಮೆನಿಯೆರ್, ತಲೆಸುತ್ತೆಲ್ಲ ಮೆದುಳಿನ ರೋಗವಲ್ಲ, ಅದು ಒಳಕಿವಿಯಿಂದಲೂ ಬರಬಹುದು ಎಂದು ತನ್ನ ರೋಗಿಗಳ ಆಧಾರದಿಂದ ತೋರಿಸಿದ. ಇಂದಿಗೂ ಆ ಕಾಯಿಲೆಗೆ ಅವನದೇ ಹೆಸರಿದೆ.

ಮುಂದಿನ ಹೆಜ್ಜೆ ರೈಲಿನಲ್ಲಿ ಬಿತ್ತು. ಪ್ರಾಗ್ ನಗರದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಅರ್ನ್‌ಸ್ಟ್ ಮಾಖ್, ಗಾಡಿ ತಿರುವಿನಲ್ಲಿ ಸಾಗುವಾಗ ಹೊರಗಿನ ಮನೆ ಮರಗಳು ವಾಲಿದಂತೆ ಕಾಣುವುದನ್ನು ಗಮನಿಸಿದ. ದಿನವೂ ಸಾವಿರಾರು ಜನ ಕಂಡು ಮರೆಯುವ ದೃಶ್ಯವಿದು. ಆತ ಮರೆಯಲಿಲ್ಲ, ತಿರುಗುವ ಕುರ್ಚಿಯೊಂದನ್ನು ಮಾಡಿಸಿ ಪ್ರಯೋಗಕ್ಕಿಳಿದ. ಸುಮಾರು ಅದೇ ಹೊತ್ತಿಗೆ, 1873ರಿಂದ 1875ರ ನಡುವೆ, ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್, ಎಡಿನ್‌ಬರೋದ ರಸಾಯನಶಾಸ್ತ್ರಜ್ಞ ಕ್ರಮ್ ಬ್ರೌನ್ ಇವರೂ ಬೇರೆ ಬೇರೆಯಾಗಿ ಅದೇ ನಿರ್ಣಯಕ್ಕೆ ಬಂದರು.

ನಿರ್ಣಯ ಇದು. ಮೂರು ನಾಳಗಳು ಒಂದಕ್ಕೊಂದು ಲಂಬವಾಗಿವೆ. ಒಳಗೆ ದ್ರವ ತುಂಬಿದೆ. ತಲೆ ತಿರುಗಿದಾಗ ದ್ರವ ಜಡತ್ವದಿಂದ ಹಿಂದುಳಿಯುತ್ತದೆ. ಆ ಹಿಂದುಳಿಯುವಿಕೆ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ. ನರ ಮೆದುಳಿಗೆ ಸುದ್ದಿ ಕಳಿಸುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೂಡಿ ತಿರುಗಿ ಸುದ್ದಿ ನಿಂತುಹೋಗುತ್ತದೆ. ಥಟ್ಟನೆ ನಿಂತರೆ ದ್ರವ ಮುಂದಕ್ಕೆ ನುಗ್ಗಿ, ಎದುರು ದಿಕ್ಕಿನಲ್ಲಿ ತಿರುಗಿದ ಹಾಗೆ ಸುಳ್ಳು ಸುದ್ದಿ ಹೋಗುತ್ತದೆ. ಅಂಗಳದಲ್ಲಿ ಗರಗರ ಸುತ್ತಿ ನಿಂತ ಮಗುವಿಗೆ ಇಡೀ ಮನೆಯೇ ಸುತ್ತುವಂತೆ ಕಾಣುವುದು ಇದರಿಂದ. ಓರೆಯಾಗುವುದನ್ನೂ, ಮುಂದೆ ಹಿಂದೆ ಮೇಲೆ ಕೆಳಗೆ ಸಾಗುವುದನ್ನೂ ತಿಳಿಸಲು ಸುಣ್ಣದಂಥ ಸಣ್ಣ ಹರಳುಗಳನ್ನು ಹೊತ್ತ ಬೇರೆ ಅಂಗವೇ ಪಕ್ಕದಲ್ಲಿದೆ. ಒಟ್ಟಿನಲ್ಲಿ ಒಳಕಿವಿ ತಿಳಿಯುವುದು ವೇಗವನ್ನಲ್ಲ, ವೇಗದ ಏರಿಳಿತವನ್ನು.

ಹಾಗಾದರೆ ಒಂದೇ ವೇಗದಲ್ಲಿ ಸಾಗುವಾಗ ನಾವು ಚಲಿಸುತ್ತಿದ್ದೇವೆಂದು ಹೇಳುವವರು ಯಾರು? ಕಣ್ಣು. ದಾದರಿನಲ್ಲಿ ನಮ್ಮ ಗಾಡಿ ನಿಂತಿದ್ದಾಗ ಪಕ್ಕದ ಗಾಡಿ ಹೊರಟರೆ ನಮ್ಮದೇ ಹೊರಟಿತೆಂದು ಭ್ರಮೆಯಾಗುತ್ತದಲ್ಲ, ಅದು ಕಣ್ಣಿನ ಸಾಕ್ಷ್ಯವನ್ನು ಮೆದುಳು ನಂಬಿದ್ದರ ಫಲ. ಕುಳಿತಲ್ಲೇ ತಾನು ಚಲಿಸಿದಂತಾಗುವ ಈ ಅನುಭವಕ್ಕೆ ಶಾಸ್ತ್ರದಲ್ಲಿ ‘ವೆಕ್ಷನ್’ ಎನ್ನುತ್ತಾರೆ. ನಮ್ಮ ಕಥೆಯ ಒಂದು ಎಳೆ ಒಳಕಿವಿಯಾದರೆ ಇನ್ನೊಂದು ಎಳೆ ಇದೇ.

ತಲೆ ಸುತ್ತದ ಮಕ್ಕಳು

ಮಾಖ್ ಮೊದಲಾದವರ ಮಾತು ನಿಜವಾದರೆ ಅದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿತ್ತು. ಅದನ್ನು ಕಂಡವನು ಅಮೆರಿಕದ ಹಾರ್ವರ್ಡಿನ ವಿಲಿಯಂ ಜೇಮ್ಸ್. ಕಿವುಡುತನ ಅನೇಕರಲ್ಲಿ ಇಡೀ ಒಳಕಿವಿ ಹಾಳಾದುದರಿಂದ ಬಂದಿರುತ್ತದೆ. ಅಂಥವರಿಗೆ ತಲೆಸುತ್ತು ಬರಕೂಡದು. 1882ರಲ್ಲಿ ಆತ ಪ್ರಕಟಿಸಿದ ಲೆಕ್ಕ ಹೀಗಿದೆ: ಹಾರ್ವರ್ಡಿನ ಸುಮಾರು 200 ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಸುತ್ತಿಸಿ ನೋಡಿದಾಗ ತಲೆ ಸುತ್ತದೆ ಉಳಿದವನು ಒಬ್ಬನೇ. ಕಿವುಡರಲ್ಲಿ ಪರೀಕ್ಷೆಗೊಳಗಾದ 519 ಮಂದಿಯಲ್ಲಿ 186 ಮಂದಿಗೆ ತಲೆಸುತ್ತು ಸುಳಿಯಲೇ ಇಲ್ಲ. ಜೇಮ್ಸ್ ಅಷ್ಟಕ್ಕೇ ಬಿಡದೆ, ಸಮುದ್ರ ಪ್ರಯಾಣ ಮಾಡಿದ ಕಿವುಡರನ್ನೂ ವಿಚಾರಿಸಿದ. ಬಿರುಸಾದ ಕಡಲನ್ನು ಕಂಡಿದ್ದ ಕೆಲವರು ತಮಗೇನೂ ಆಗಲಿಲ್ಲವೆಂದು ಹೇಳಿದರು. ಡಾರ್ವಿನ್ನನನ್ನೂ ನೆಲ್ಸನ್ನನನ್ನೂ ಮಲಗಿಸಿದ ಅಲೆಗಳು ಈ ಜನರನ್ನು ಮುಟ್ಟಿರಲಿಲ್ಲ!

ಕಡಲಿನ ಓಕರಿಕೆಯ ಬೇರು ಹೊಟ್ಟೆಯಲ್ಲಿಲ್ಲ, ಕಿವಿಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಅದುವರೆಗೆ ಸಿಕ್ಕಿರಲಿಲ್ಲ.

ದೆವ್ವದ ಉಯ್ಯಾಲೆ

ಇದೇ ಕಾಲಕ್ಕೆ ಜಾತ್ರೆಯ ವಿನೋದವೊಂದು ವಿಜ್ಞಾನಿಗಳ ಕಣ್ಣಿಗೆ ಬಿತ್ತು. 1894ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪ್ರದರ್ಶನದಲ್ಲಿ ‘ದೆವ್ವದ ಉಯ್ಯಾಲೆ’ ಎಂಬುದಿತ್ತು. ಕೋಣೆಯೊಂದರ ನಡುವೆ ದೊಡ್ಡ ಉಯ್ಯಾಲೆ. ಜನ ಅದರಲ್ಲಿ ಕುಳಿತರೆ ತೂಗಾಟ ಆರಂಭವಾಗಿ, ಏರಿ ಏರಿ ಕಡೆಗೆ ಉಯ್ಯಾಲೆ ಪೂರ್ತಿ ಒಂದು ಸುತ್ತು ಮಗುಚಿದಂತೆ ಭಾಸವಾಗುತ್ತಿತ್ತು. ವಾಸ್ತವವಾಗಿ ಉಯ್ಯಾಲೆ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತಿತ್ತು, ಸುತ್ತುತ್ತಿದ್ದುದು ಕೋಣೆ. ಅದರೊಳಗಿನ ಸಾಮಾನುಗಳನ್ನೆಲ್ಲ ಬೀಳದಂತೆ ಬಿಗಿದಿದ್ದರು.

ಭೌತಶಾಸ್ತ್ರಜ್ಞ ಆರ್. ಡಬ್ಲ್ಯೂ. ವುಡ್ ಇದರಲ್ಲಿ ಕುಳಿತು ಬಂದು 1895ರಲ್ಲಿ ಒಂದು ಲೇಖನ ಬರೆದ. ಒಳಗುಟ್ಟು ತನಗೆ ಮೊದಲೇ ತಿಳಿದಿದ್ದರೂ ಹೊಟ್ಟೆಯಲ್ಲಿ ಏನೋ ಕುಸಿದಂತಾಗುವುದನ್ನು ತಡೆಯಲಾಗಲಿಲ್ಲ ಎಂಬುದು ಅವನ ಅನುಭವದ ಸಾರ. ಓಕರಿಕೆಯಿಂದ ತತ್ತರಿಸಿ ಹೊರಬಂದವರೂ ಇದ್ದರು. ಇಲ್ಲಿ ದೇಹ ಅಲುಗಿಲ್ಲ, ಅಲುಗಿದ್ದು ಕಣ್ಣೆದುರಿನ ನೋಟ ಮಾತ್ರ. ಇಂದಿನ ಮಾಲಿನ ಕನ್ನಡಕಕ್ಕೆ ಇದು ಮುತ್ತಜ್ಜ ಎಂದರೆ ತಪ್ಪಾಗಲಾರದು. ಬುದ್ಧಿಗೆ ತಿಳಿದ ಮಾತ್ರಕ್ಕೆ ಹೊಟ್ಟೆ ಕೇಳುವುದಿಲ್ಲ ಎಂಬ ಪಾಠವೂ ಅಂದೇ ದೊರೆಯಿತು.

ಹನ್ನೊಂದು ಮಂದಿ

ಜೇಮ್ಸನ ಲೆಕ್ಕಾಚಾರ ಮುಕ್ಕಾಲು ಶತಮಾನದ ಬಳಿಕ ಮತ್ತೆ ನೆನಪಿಗೆ ಬಂತು. ಮನುಷ್ಯನನ್ನು ಆಕಾಶಕ್ಕೆ ಕಳಿಸುವ ಪೈಪೋಟಿ ಆರಂಭವಾಗಿದ್ದ ಕಾಲ. ತೂಕವಿಲ್ಲದ ಸ್ಥಿತಿಯಲ್ಲಿ ಒಳಕಿವಿ ಹೇಗೆ ವರ್ತಿಸುತ್ತದೆಂದು ಯಾರಿಗೂ ತಿಳಿಯದು. ಫ್ಲಾರಿಡದ ಪೆನ್ಸಕೋಲದಲ್ಲಿದ್ದ ಅಮೆರಿಕದ ನೌಕಾಪಡೆಯ ವೈದ್ಯಸಂಸ್ಥೆಯ ಆಷ್ಟನ್ ಗ್ರೇಬಿಯಲ್ 1950ರ ದಶಕದ ಕೊನೆಯಲ್ಲಿ ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನತ್ತ ತಿರುಗಿದ. ಅದು ಕಿವುಡರಿಗಾಗಿಯೇ ಇರುವ ಉನ್ನತ ವಿದ್ಯಾಸಂಸ್ಥೆ. ಅಲ್ಲಿಂದ 11 ಮಂದಿಯನ್ನು ಆರಿಸಿದರು. ಅವರಲ್ಲಿ ಒಬ್ಬರನ್ನುಳಿದು ಎಲ್ಲರೂ ಚಿಕ್ಕಂದಿನಲ್ಲಿ ಮೆದುಳುಪೊರೆಯ ಜ್ವರ ತಗಲಿ ಕಿವಿಯನ್ನೂ, ಜೊತೆಗೆ ಸಮತೋಲದ ಅಂಗವನ್ನೂ ಕಳೆದುಕೊಂಡವರು.

ಸುಮಾರು ಒಂದು ದಶಕದ ಕಾಲ ಇವರು ಪ್ರಯೋಗಗಳಲ್ಲಿ ಪಾಲ್ಗೊಂಡರು. ಅವರಲ್ಲಿ ನಾಲ್ವರು ನಿಮಿಷಕ್ಕೆ 10 ಸುತ್ತು ತಿರುಗುವ 20 ಅಡಿಯ ಕೋಣೆಯಲ್ಲಿ 12 ದಿನ ಉಂಡು, ಮಲಗಿ, ಕಾಲ ಕಳೆದರು. ವಿಮಾನ ಮೇಲೇರಿ ಧುಮುಕುವಾಗ ಕೆಲವು ಕ್ಷಣ ತೂಕವಿಲ್ಲದಂತಾಗುವ ಹಾರಾಟಗಳಲ್ಲಿ ತೇಲಿದರು. ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಕೆನಡದ ನೋವಾ ಸ್ಕೋಷಿಯ ಕರಾವಳಿಯ ಪ್ರಯೋಗ. ಕೆರಳಿದ ಕಡಲಿನಲ್ಲಿ ದೋಣಿ ಹೊಯ್ದಾಡುತ್ತಿತ್ತು. ಇವರು ನಿಶ್ಚಿಂತರಾಗಿ ಇಸ್ಪೀಟು ಆಡುತ್ತ ಕುಳಿತಿದ್ದರೆ, ಇವರನ್ನು ಪರೀಕ್ಷಿಸಬೇಕಾಗಿದ್ದ ವಿಜ್ಞಾನಿಗಳೇ ಓಕರಿಸಿ ಓಕರಿಸಿ ಸುಸ್ತಾಗಿ, ಪ್ರಯೋಗವನ್ನೇ ನಿಲ್ಲಿಸಬೇಕಾಯಿತು!

ನಾವು ವಿಜ್ಞಾನಿಗಳಿಗೆ ಬೇಕಾದ ರೀತಿಯಲ್ಲೇ ಬೇರೆಯಾಗಿದ್ದೆವು ಎಂಬರ್ಥದ ಮಾತನ್ನು ಅವರಲ್ಲೊಬ್ಬರಾದ ಹ್ಯಾರಿ ಲಾರ್ಸನ್ ಮುಂದೆ ಹೇಳಿದ್ದಾರೆ. ಕೊರತೆ ಎಂದು ಲೋಕ ಎಣಿಸಿದ್ದು ಅಲ್ಲಿ ಯೋಗ್ಯತೆಯಾಯಿತು.

ಈ ಪ್ರಯೋಗಗಳು ಎಷ್ಟು ಅಗತ್ಯವಾಗಿದ್ದವೆಂಬುದು ಬೇಗನೆ ತಿಳಿಯಿತು. 1961ರ ಆಗಸ್ಟಿನಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಅಂತರಿಕ್ಷದಲ್ಲಿದ್ದ ರಷ್ಯದ ಗೆರ್ಮನ್ ಟಿಟೋವ್ ಅಲ್ಲಿ ಓಕರಿಕೆಯಿಂದ ನರಳಿದ ಮೊದಲಿಗನಾದ. 1969ರಲ್ಲಿ ಅಪೋಲೋ-9ರ ರಸ್ಟಿ ಷ್ವೈಕರ್ಟರ ಅಸ್ವಸ್ಥತೆಯಿಂದ ಹೊರನಡಿಗೆಯ ಕಾರ್ಯಕ್ರಮವನ್ನೇ ಮೊಟಕುಗೊಳಿಸಬೇಕಾಯಿತು. ವರ್ಷಗಟ್ಟಲೆ ಯುದ್ಧವಿಮಾನ ಹಾರಿಸಿದ ಗಟ್ಟಿಗರಿವರು.

ಇಲ್ಲಿ ನಮ್ಮ ನಾಡಿನ ಸಂಬಂಧವೊಂದನ್ನು ಹೇಳದೆ ಮುಂದುವರಿಯಲಾಗದು. ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಸಂಸ್ಥೆಯಿದೆ. ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ ರಷ್ಯಕ್ಕೆ ತೆರಳುವ ಮುನ್ನ ಅವರ ದೇಹಸ್ಥಿತಿಯನ್ನು ಒರೆಗೆ ಹಚ್ಚಿದ್ದು ಅಲ್ಲೇ. 1984ರ ಏಪ್ರಿಲಿನಲ್ಲಿ ಸಲ್ಯೂತ್-7 ನಿಲ್ದಾಣ ಸೇರಿದ ಶರ್ಮಾ ಅಲ್ಲಿ ಯೋಗಾಭ್ಯಾಸವನ್ನೂ ಮಾಡಿದರು. ಗಗನಯಾನದ ಅಭ್ಯರ್ಥಿಗಳ ಆಯ್ಕೆಯ ಪರೀಕ್ಷೆಗಳೂ ಇದೇ ಸಂಸ್ಥೆಯಲ್ಲಿ ನಡೆದವು.

ನೆಲ ಬಿಡದ ವಿಮಾನ

ಈ ನಡುವೆ ಇನ್ನೊಂದು ಒಗಟು ಎದ್ದಿತು. ವಿಮಾನ ಚಾಲಕರಿಗೆ ನೆಲದ ಮೇಲೆಯೇ ತರಬೇತಿ ಕೊಡುವ ಯಂತ್ರಗಳು ಬಂದಿದ್ದವು. ಕುರ್ಚಿ ನೆಲದ ಮೇಲೆ, ಎದುರಿಗೆ ಚಲಿಸುವ ಚಿತ್ರ. 1957ರಲ್ಲಿ ಹೆಲಿಕಾಪ್ಟರ್ ತರಬೇತಿ ಯಂತ್ರವೊಂದನ್ನು ಬಳಸಿದ 36 ಮಂದಿಯನ್ನು ವಿಚಾರಿಸಿದಾಗ 28 ಮಂದಿ ತಮಗೆ ಅಸ್ವಸ್ಥತೆಯಾಯಿತೆಂದರು. ಅದರಲ್ಲೂ ಹೊಸ ಶಿಷ್ಯರಿಗಿಂತ ಅನುಭವಿಗಳಾದ ಗುರುಗಳಿಗೇ ಬಾಧೆ ಹೆಚ್ಚು.

ಇದಕ್ಕೆ ಒಪ್ಪುವ ವಿವರಣೆಯನ್ನು ಬ್ರಿಟನ್ನಿನ ಜೇಮ್ಸ್ ರೀಸನ್ ಮತ್ತು ಬ್ರ್ಯಾಂಡ್ 1975ರ ತಮ್ಮ ಗ್ರಂಥದಲ್ಲಿ ಕೊಟ್ಟರು. ನಮ್ಮ ಸರ್ಕಾರಿ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಒಂದೇ ಕಡತದಲ್ಲಿ ಎರಡು ಶಾಖೆಗಳಿಂದ ಪರಸ್ಪರ ವಿರುದ್ಧವಾದ ಟಿಪ್ಪಣಿ ಬಂದಿದೆ. ಬಸ್ಸಿನಲ್ಲಿ ಪುಸ್ತಕ ಓದುವವನ ಕಣ್ಣು ‘ಚಲನೆಯಿಲ್ಲ’ ಎನ್ನುತ್ತದೆ, ಕಿವಿ ‘ಚಲನೆಯಿದೆ’ ಎನ್ನುತ್ತದೆ. ತರಬೇತಿ ಯಂತ್ರದಲ್ಲಿ ಕಣ್ಣು ‘ಹಾರುತ್ತಿದ್ದೇವೆ’ ಎನ್ನುತ್ತದೆ, ಕಿವಿ ‘ಕುಳಿತಲ್ಲೇ ಇದ್ದೇವೆ’ ಎನ್ನುತ್ತದೆ. ಮೆದುಳು ಈ ಎರಡನ್ನೂ ಹಳೆಯ ಕಡತಗಳೊಡನೆ, ಅಂದರೆ ಹಿಂದಿನ ಅನುಭವದೊಡನೆ, ತಾಳೆ ನೋಡುತ್ತದೆ. ಗುರುವಿನ ಬಳಿ ಸಾವಿರಾರು ಗಂಟೆಗಳ ಹಾರಾಟದ ಹಳೆಯ ಕಡತವಿದೆ. ಆದ್ದರಿಂದ ತಾಳೆಯಾಗದಿರುವುದು ಅವನಿಗೇ ಹೆಚ್ಚು ಎದ್ದು ಕಾಣುತ್ತದೆ.

ಸರಿ, ತಾಳೆಯಾಗದಿದ್ದರೆ ವಾಂತಿಯೇಕೆ? ವಿಷ ತಿಂದಾಗಲೂ ಇಂಥದೇ ಗೊಂದಲವಾಗುವುದರಿಂದ, ಮೆದುಳು ವಿಷವೆಂದು ಬಗೆದು ಹೊರಹಾಕಲು ನೋಡುತ್ತದೆ ಎಂದು 1977ರಲ್ಲಿ ಟ್ರೀಸ್‌ಮನ್ ಊಹಿಸಿದರು. ಗೊಂದಲವಲ್ಲ, ದೇಹದ ನಿಲುವು ಅಸ್ಥಿರವಾಗುವುದೇ ಮೂಲ ಎಂದು 1991ರಲ್ಲಿ ರಿಚಿಯೊ ಮತ್ತು ಸ್ಟಾಫ್ರೆಗೆನ್ ವಾದ ಹೂಡಿದರು. ಈ ಚರ್ಚೆ ಇನ್ನೂ ಮುಗಿದಿಲ್ಲ.

ಅಳತೆಗೋಲು ಮಾತ್ರ ದೊರೆಯಿತು. ಪೆನ್ಸಕೋಲದಲ್ಲಿ ಗ್ರೇಬಿಯಲ್ಲರ ಜೊತೆ ಕಿವುಡರ ಪ್ರಯೋಗಗಳಲ್ಲಿ ದುಡಿದಿದ್ದ ರಾಬರ್ಟ್ ಕೆನಡಿ, ನೌಕಾಪಡೆಯ ತರಬೇತಿ ಯಂತ್ರಗಳ 1,100ಕ್ಕೂ ಹೆಚ್ಚು ದಾಖಲೆಗಳನ್ನು ಪರಿಶೀಲಿಸಿ, 1993ರಲ್ಲಿ ಸಂಗಡಿಗರೊಡನೆ 16 ಲಕ್ಷಣಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ತಲೆನೋವು, ಬೆವರು, ಓಕರಿಕೆ, ಕಣ್ಣಿನ ಆಯಾಸ ಹೀಗೆ ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಇಂದಿಗೂ ಸಂಶೋಧಕರು ಬಳಸುವುದು ಇದನ್ನೇ.

ಕಣ್ಣಿಗೆ ಕಟ್ಟಿದ ಲೋಕ

1968ರಲ್ಲಿ ಐವನ್ ಸದರ್ಲೆಂಡ್ ತಲೆಗೆ ಧರಿಸುವ ಮೊದಲ ಗಣಕಯಂತ್ರದ ಪರದೆಯನ್ನು ತೋರಿಸಿದರು. ಅದು ಎಷ್ಟು ಭಾರವಾಗಿತ್ತೆಂದರೆ ಛಾವಣಿಯಿಂದ ತೂಗುಹಾಕಬೇಕಾಗಿತ್ತು. 2012ರಲ್ಲಿ ಆಕ್ಯುಲಸ್ ಎಂಬ ಹೊಸ ಕಂಪನಿ ಜನರಿಂದಲೇ ಹಣ ಕೂಡಿಸಿ ಇದನ್ನು ಅಗ್ಗಗೊಳಿಸಲು ಹೊರಟಿತು. 2016ರ ಹೊತ್ತಿಗೆ ಅದು ಮನೆಮನೆಯ ಆಟಿಕೆಯಾಗಿ ಮಾರುಕಟ್ಟೆಗೆ ಬಂತು. ಇದನ್ನೇ ‘ವರ್ಚುವಲ್ ರಿಯಾಲಿಟಿ’ ಎನ್ನುವುದು. ಕನ್ನಡದಲ್ಲಿ ಮಿಥ್ಯಾವಾಸ್ತವ ಎನ್ನಬಹುದು.

ದೆವ್ವದ ಉಯ್ಯಾಲೆಯ ಹಳೆಯ ತೊಡಕು ಇಲ್ಲಿ ಹೊಸ ವೇಷದಲ್ಲಿ ಬಂತು. ತಲೆ ತಿರುಗಿಸಿದಾಗ ಚಿತ್ರವೂ ತಕ್ಷಣ ತಿರುಗಬೇಕು; 20 ಮಿಲಿಸೆಕೆಂಡಿಗಿಂತ, ಅಂದರೆ ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತ, ತಡವಾದರೆ ಮೆದುಳಿಗೆ ಕಿರಿಕಿರಿ. ಹಾಗಾಗಿ ಚಿತ್ರವನ್ನು ಸೆಕೆಂಡಿಗೆ 90 ಬಾರಿ ಬದಲಿಸುವ ಪರದೆಗಳನ್ನು ಮಾಡಿದರು. ಆಮೇಲೂ ಕುಳಿತವನನ್ನು ಚಿತ್ರದೊಳಗೆ ಓಡಿಸಿದರೆ ಸಂಕಟ ತಪ್ಪಲಿಲ್ಲ.

ಆಗ ನೆರವಿಗೆ ಬಂದದ್ದು ‘ವೆಕ್ಷನ್’ ಕುರಿತ ಹಳೆಯ ಸಂಶೋಧನೆ. ಎಡಿನ್‌ಬರೋದಲ್ಲಿ ಡೇವಿಡ್ ಲೀ ಸಂಗಡಿಗರೊಡನೆ, ನೆಲ ಸ್ಥಿರವಾಗಿದ್ದು ಗೋಡೆಗಳು ಮಾತ್ರ ಅಲುಗುವ ಕೋಣೆಯೊಂದನ್ನು ಕಟ್ಟಿದ್ದರು. ಆಗಷ್ಟೇ ನಿಲ್ಲಲು ಕಲಿತ ಮಕ್ಕಳನ್ನು ಅದರಲ್ಲಿ ನಿಲ್ಲಿಸಿದರೆ ಗೋಡೆ ಸರಿದೊಡನೆ ವಾಲಿ ಬೀಳುತ್ತಿದ್ದವು. ಇದು 1974ರ ವರದಿ. ಅದರ ಹಿಂದಿನ ವರ್ಷ ಜರ್ಮನಿಯ ಬ್ರಾಂಟ್, ಡಿಖ್‌ಗಾನ್ಸ್ ಮತ್ತು ಕೋನಿಗ್, ನಾವು ಚಲಿಸಿದಂತಾಗುವ ಭ್ರಮೆಗೆ ನೋಟದ ನಡುಭಾಗಕ್ಕಿಂತ ಅಂಚಿನ ಭಾಗವೇ ಹೆಚ್ಚು ಕಾರಣ ಎಂದು ತೋರಿಸಿದ್ದರು. ಈ ಅರಿವನ್ನು ಹಿಡಿದು 2016ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಫೆರ್ನಾಂಡಿಸ್ ಮತ್ತು ಫೈನರ್, ಚಿತ್ರದಲ್ಲಿ ಚಲನೆ ಇರುವಾಗ ಮಾತ್ರ ನೋಟದ ಅಂಚನ್ನು ಮೆಲ್ಲಗೆ ಮಸುಕಾಗಿಸಿ ಕಿರಿದು ಮಾಡಿದರು. ಬಾಧೆ ತಗ್ಗಿತು, ಅನೇಕರಿಗೆ ಅಂಚು ಕಿರಿದಾದದ್ದೇ ಗೊತ್ತಾಗಲಿಲ್ಲ.

ಕಿವಿಯ ಪಾತ್ರವೂ ಇಲ್ಲಿ ಮತ್ತೊಮ್ಮೆ ಸಿದ್ಧವಾಗಿತ್ತು. 1991ರಲ್ಲಿ ಚ್ಯುಂಗ್, ಹೋವರ್ಡ್ ಮತ್ತು ಮನಿ ಒಳಕಿವಿ ಹಾಳಾದವರಿಗೆ ಸುತ್ತುವ ದೃಶ್ಯವನ್ನು ತೋರಿಸಿದರು. ಚಲಿಸಿದಂತಾಗುವ ಭ್ರಮೆ ಅವರಿಗೂ ಆಯಿತು, ಓಕರಿಕೆ ಮಾತ್ರ ಬರಲಿಲ್ಲ. ಕಣ್ಣೊಂದರಿಂದಲೇ ಹುಟ್ಟಿದಂತೆ ಕಾಣುವ ಸಂಕಟಕ್ಕೂ ಜೀವಂತವಾದ ಒಳಕಿವಿ ಬೇಕೇಬೇಕು! ಹಾಗೆ ನೋಡಿದರೆ, ಹೊಟ್ಟೆ ತೊಳಸುವವನ ಒಳಕಿವಿ ಕೆಟ್ಟಿಲ್ಲ, ತನ್ನ ಕೆಲಸವನ್ನು ಮಾಡುತ್ತಿದೆ.

ಇನ್ನೊಂದು ಸಂಗತಿ ನಮ್ಮ ಸೋದರಿಯರ ಗಮನಕ್ಕೆ. ಈ ಕನ್ನಡಕ ಧರಿಸಿದರೆ ಹೆಂಗಸರಿಗೆ ಬಾಧೆ ಹೆಚ್ಚೆಂದು ಕೆಲವು ಪ್ರಯೋಗಗಳಲ್ಲಿ ಕಂಡುಬಂದಿತ್ತು. ಹೆಂಗಸರ ಪ್ರಕೃತಿಯೇ ಹಾಗೆ ಎಂದು ತಳ್ಳಿಹಾಕುವುದು ಸುಲಭವಾಗಿತ್ತು. 2020ರಲ್ಲಿ ಕೇ ಸ್ಟ್ಯಾನಿ ಮತ್ತು ಸಂಗಡಿಗರು ಎರಡು ಕಣ್ಣುಪಾಪೆಗಳ ನಡುವಿನ ಅಂತರವನ್ನು ಅಳೆದು ನೋಡಿದರು. ಹೆಂಗಸರಲ್ಲಿ ಆ ಅಂತರ ಸಾಮಾನ್ಯವಾಗಿ ಕಡಿಮೆ. ಯಂತ್ರದ ಮಸೂರಗಳು ಅನೇಕರಿಗೆ ಹೊಂದುತ್ತಲೇ ಇರಲಿಲ್ಲ. ಹೊಂದಿಕೆಯಾದವರಲ್ಲಿ ಗಂಡಸರಿಗೂ ಹೆಂಗಸರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ದೋಷ ಧರಿಸಿದವಳದಲ್ಲ, ಅಳತೆ ನೋಡದೆ ಮಾಡಿದ ಕನ್ನಡಕದ್ದು.

ಮನೆಯಲ್ಲಿ ಮಕ್ಕಳು ಇಂಥ ಯಂತ್ರ ಬೇಕೆಂದು ಹಟ ಹಿಡಿದರೆ ಓದುಗರು ಇಷ್ಟು ನೆನಪಿಡಬಹುದು: ಮೊದಲು ಕೆಲವೇ ನಿಮಿಷ, ಕುಳಿತೇ ಆಡುವುದು, ಕಣ್ಣಿನ ಅಳತೆಗೆ ಮಸೂರವನ್ನು ಹೊಂದಿಸಿಕೊಳ್ಳುವುದು, ತೊಳಸು ತಟ್ಟಿದೊಡನೆ ತೆಗೆದಿಡುವುದು. ಹಟದಿಂದ ಮುಂದುವರಿಸಿದರೆ ಬಾಧೆ ಹೆಚ್ಚುತ್ತದೆಯೇ ಹೊರತು ಧೈರ್ಯ ಹೆಚ್ಚುವುದಿಲ್ಲ.

ಗ್ಯಾಲಡೆಟ್ಟಿನ ಆ ಹನ್ನೊಂದು ಮಂದಿಯ ಕೆಲಸ ಬಹುಕಾಲ ವರದಿಗಳ ಪುಟಗಳಲ್ಲೇ ಉಳಿದಿತ್ತು. 2017ರಲ್ಲಿ ಅವರ ವಿದ್ಯಾಸಂಸ್ಥೆಯೇ, ಈಗ ಅದು ವಿಶ್ವವಿದ್ಯಾನಿಲಯ, ಒಂದು ಪ್ರದರ್ಶನವನ್ನೇರ್ಪಡಿಸಿ ಅವರನ್ನು ಜನರ ಮುಂದೆ ತಂದಿತು. ಅವರಲ್ಲಿ ಯಾರೂ ಅಂತರಿಕ್ಷಕ್ಕೆ ಹೋಗಲಿಲ್ಲ. ಹೋದವರ ದೇಹ ಅಲ್ಲಿ ಏನನ್ನು ಎದುರಿಸಬೇಕಾದೀತೆಂಬುದನ್ನು ನೆಲದ ಮೇಲಿದ್ದವರು ಅರಿತದ್ದರಲ್ಲಿ ಅವರ ಪಾಲು ದೊಡ್ಡದು. ಹ್ಯಾರಿ ಲಾರ್ಸನ್ ಮತ್ತು ಅವರ ಹತ್ತು ಮಂದಿ ಜೊತೆಗಾರರಿಗೆ ಈ ಕನ್ನಡ ಪುಟದಿಂದಲೂ ಒಂದು ನಮಸ್ಕಾರ ಸಲ್ಲಲಿ.